ಅರಸನ ನಾಣ್ಯದ ಮೇಲೆ ಟಂಕಸಾಲೆಯವನ ಹೆಸರು

ಮಾನ್ಯರೆ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ, ಇಂಗ್ಲೆಂಡಿನ ಎರಡನೆಯ ಎಥೆಲ್‌ರೆಡ್ ದೊರೆಯ (978–1016) ಬೆಳ್ಳಿ ಪೆನ್ನಿಯ ಚಿತ್ರವನ್ನು ಕುರಿತು ತಾವು ಎರಡು ಆಕ್ಷೇಪ ಎತ್ತಿದ್ದೀರಿ. ನಾಣ್ಯದ ಹಿಮ್ಮುಖದಲ್ಲಿ ಲಂಡನ್ನಿನ ಗಾಡ್‌ವಿನ್ ಎಂಬ ಪ್ರಜೆಯ ಹೆಸರಿರುವುದು ದೊರೆಯ ದೌರ್ಬಲ್ಯವನ್ನು ತೋರಿಸುತ್ತದೆ ಎಂಬುದು ಒಂದು. ಮೈತುಂಬ ಚಾಕುವಿನ ಗೀರುಗಳಿರುವ ನಾಣ್ಯವನ್ನು ನಾವು ಅಮೂಲ್ಯವೆಂದು ಕರೆಯಬಾರದಿತ್ತು ಎಂಬುದು ಇನ್ನೊಂದು.

ಮೊದಲನೆಯದನ್ನು ನಾವು ಒಪ್ಪಲಾರೆವು. ಗಾಡ್‌ವಿನ್ ಆ ನಾಣ್ಯವನ್ನು ಟಂಕಿಸಿ ಹೊರಡಿಸಿದ ಹೊಣೆಗಾರ. ಬೆಳ್ಳಿಯಲ್ಲಿ ಕಲಬೆರಕೆಯಾದರೆ, ತೂಕದಲ್ಲಿ ಮೋಸವಾದರೆ ಯಾರ ಕುತ್ತಿಗೆಪಟ್ಟಿ ಹಿಡಿಯಬೇಕೆಂಬುದನ್ನು ನಾಣ್ಯವೇ ಹೇಳುತ್ತಿತ್ತು. 10ನೆಯ ಶತಮಾನದ ಮೊದಲರ್ಧದಲ್ಲಿ ಎಥೆಲ್‌ಸ್ಟನ್ ದೊರೆ ಗ್ರೇಟ್ಲಿಯಲ್ಲಿ ಹೊರಡಿಸಿದ ಕಟ್ಟಳೆಯ ಪ್ರಕಾರ, ಖೋಟಾ ನಾಣ್ಯ ಹೊಡೆದವನ ಕೈಯನ್ನು ಕಡಿದು ಅವನ ಟಂಕಸಾಲೆಯ ಮೇಲೆಯೇ ತೂಗುಹಾಕಬೇಕಿತ್ತು. ತಾನು ನಿರಪರಾಧಿ ಎನ್ನುವವನು ಕಾದ ಕಬ್ಬಿಣ ಹಿಡಿದು ದಿವ್ಯ, ಅಂದರೆ ಸತ್ಯಪರೀಕ್ಷೆ, ಮಾಡಬೇಕಿತ್ತು. ಮುಂದೆ ಎಡ್ಗರ್ ದೊರೆ ಸುಮಾರು 973ರಲ್ಲಿ ಹಳೆಯ ನಾಣ್ಯಗಳನ್ನೆಲ್ಲ ಹಿಂದಕ್ಕೆ ಪಡೆದು, ರಾಜ್ಯದುದ್ದಕ್ಕೂ ಒಂದೇ ಮಾದರಿಯನ್ನು ಜಾರಿಗೆ ತಂದಾಗ, ಮುಮ್ಮುಖದಲ್ಲಿ ಅರಸನ ಮುಖವೂ ಹಿಮ್ಮುಖದಲ್ಲಿ ಟಂಕಸಾಲೆಯವನ ಮತ್ತು ಊರಿನ ಹೆಸರೂ ಕಡ್ಡಾಯವಾದವು. ಎಥೆಲ್‌ರೆಡ್‌ನ ಕಾಲಕ್ಕೆ ಐವತ್ತಕ್ಕೂ ಹೆಚ್ಚು ಊರುಗಳಲ್ಲಿ ಟಂಕಸಾಲೆಗಳಿದ್ದವು. ಕೆಲವು ವರ್ಷಗಳಿಗೊಮ್ಮೆ ಮಾದರಿ ಬದಲಾದಾಗಲೆಲ್ಲ ಅವೆಲ್ಲವೂ ಹೊಸ ಅಚ್ಚಿಗೆ ತಿರುಗುತ್ತಿದ್ದವು. ಯುದ್ಧದಲ್ಲಿ ಸೋತುಸೋತು ಹೆಸರು ಕೆಡಿಸಿಕೊಂಡ ದೊರೆಯ ಆಡಳಿತ ಈ ಒಂದು ವಿಷಯದಲ್ಲಾದರೂ ಬಿಗಿಯಾಗಿಯೇ ಇತ್ತು.

ಚಿತ್ರದಲ್ಲಿನ ನಾಣ್ಯದ ಅಕ್ಷರಗಳು ಅಂಚಿನಲ್ಲಿ ಅರ್ಧ ಕಾಣದಿರುವುದೂ ದೋಷವಲ್ಲ. ಕೆಳಗಿನ ಅಚ್ಚನ್ನು ಮರದ ದಿಮ್ಮಿಗೆ ಹೊಡೆದು ನಿಲ್ಲಿಸಿ, ಅದರ ಮೇಲೆ ಒಂದೂವರೆ ಗ್ರಾಮಿನಷ್ಟು ತೂಗುವ ಬೆಳ್ಳಿಯ ತೆಳುಬಿಲ್ಲೆಯನ್ನಿಟ್ಟು, ಮೇಲಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಬಡಿಯುವಾಗ ಕೂದಲೆಳೆಯಷ್ಟು ಜರುಗಿದರೂ ಸಾಕು.

ಇನ್ನು ಗೀರುಗಳು. 991ರಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗ್ ದಾಳಿಕೋರರನ್ನು ಸಾಗಹಾಕಲು ಇಂಗ್ಲೆಂಡ್ ಕೊಟ್ಟ ಕಪ್ಪ 10,000 ಪೌಂಡ್ ಎಂದು ಅಂದಿನ ವೃತ್ತಾಂತ ಹೇಳುತ್ತದೆ; ಪೌಂಡಿಗೆ 240 ಪೆನ್ನಿಯಂತೆ ಅದು 24 ಲಕ್ಷ ನಾಣ್ಯಗಳ ಬೆಲೆ. ಹೀಗೆ ಕಪ್ಪವಾಗಿಯೂ ವ್ಯಾಪಾರದಿಂದಲೂ ಸಮುದ್ರ ದಾಟಿದ ಬೆಳ್ಳಿ ಎಷ್ಟೆಂದರೆ, ಎಥೆಲ್‌ರೆಡ್‌ನ ಪೆನ್ನಿಗಳು ಇಂಗ್ಲೆಂಡಿಗಿಂತ ಸ್ಕ್ಯಾಂಡಿನೇವಿಯಾದ ನೆಲದಲ್ಲೇ ಹೆಚ್ಚು ಸಿಕ್ಕಿವೆ. ಅಲ್ಲಿ ಬೆಳ್ಳಿಗೆ ಬೆಲೆಯಿದ್ದುದು ತೂಕದ ಮೇಲೆ, ಅರಸನ ಮುಖದ ಮೇಲಲ್ಲ. ಆದ್ದರಿಂದ ಕೊಳ್ಳುವವನು ಚಾಕುವಿನ ಮೊನೆಯಿಂದ ಕುಕ್ಕಿ, ಬಗ್ಗಿಸಿ, ಒಳಗೆ ಅಗ್ಗದ ಲೋಹವಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ತಿಕ್ಕಿ ಹೊಳಪೇರಿಸಿದ ಪೆನ್ನಿಗೆ ಹೆಚ್ಚು ಬೆಲೆ ಬರಬಹುದು. ನಮ್ಮ ಆಯ್ಕೆ ಮಾತ್ರ ಕುಕ್ಕಿಸಿಕೊಂಡದ್ದೇ.

— ಸಂಪಾದಕ