ಬೇಸಿಗೆ ತಂಪಾದಾಗ ಹಿಮಯುಗ

ಪ್ರಶ್ನೆ: ಸಂಪಾದಕರೇ, ಮನುಷ್ಯ ಕಾರು, ಕಾರ್ಖಾನೆ ಕಾಣುವ ಮೊದಲೇ ಹಿಮಯುಗಗಳು ಬಂದು ಹೋಗಿವೆ. ಅಂದಮೇಲೆ ಈಗಿನ ಬಿಸಿಯೂ ಪ್ರಕೃತಿಯದ್ದೇ ಆಟ ಅಲ್ವಾ? ಮತ್ತೆ ಹಿಮಯುಗ ಬರುವುದು ಯಾವಾಗ?
– ತುಮಕೂರಿನ ಓದುಗರೊಬ್ಬರು

ಉತ್ತರ: ನೀವು ಹೇಳುವುದರಲ್ಲಿ ಮೊದಲ ಮಾತು ಪೂರ್ತಿ ಸರಿ. ಸುಮಾರು 20 ಸಾವಿರ ವರ್ಷಗಳ ಹಿಂದೆ ಕೆನಡಾದ ಬಹುಭಾಗ ದಪ್ಪ ಹಿಮದಡಿ ಹೂತುಹೋಗಿತ್ತು. ಅಷ್ಟೊಂದು ನೀರು ನೆಲದ ಮೇಲೆ ಗಟ್ಟಿಯಾಗಿ ಕೂತಿದ್ದರಿಂದ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ರಾಮೇಶ್ವರದ ಕಡೆಯಿಂದ ಶ್ರೀಲಂಕಾಕ್ಕೆ ನಡೆದೇ ಹೋಗಬಹುದಿತ್ತು. ಇದರಲ್ಲಿ ಮನುಷ್ಯರ ಕೈವಾಡ ಏನೂ ಇಲ್ಲ.

ಹಿಮಯುಗಗಳು ಯಾಕೆ ಬಂದು ಹೋಗುತ್ತವೆ ಎಂಬ ಲೆಕ್ಕ ಹಾಕಿದವರು ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್. ಓದಿದ್ದು ಸಿವಿಲ್ ಇಂಜಿನಿಯರಿಂಗ್. ಮೊದಲ ಮಹಾಯುದ್ಧದಲ್ಲಿ ಸೆರೆಯಾಗಿ ಬುಡಾಪೆಸ್ಟ್‌ನಲ್ಲಿ ಉಳಿಯಬೇಕಾಗಿ ಬಂದಾಗಲೂ ಅಲ್ಲಿನ ವಿಜ್ಞಾನ ಅಕಾಡೆಮಿಯ ಲೈಬ್ರರಿಯಲ್ಲಿ ಕೂತು ಲೆಕ್ಕ ಮುಂದುವರಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲವೂ ಕೈಯಲ್ಲೇ. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ.

ಭೂಮಿ ಸೂರ್ಯನನ್ನು ಸುತ್ತುವ ದಾರಿ ಸುಮಾರು 1 ಲಕ್ಷ ವರ್ಷಕ್ಕೊಮ್ಮೆ ಕೊಂಚ ಉದ್ದವಾಗಿ ಮತ್ತೆ ದುಂಡಗಾಗುತ್ತದೆ. ಭೂಮಿಯ ಅಕ್ಷದ ಓರೆ 41 ಸಾವಿರ ವರ್ಷಗಳಲ್ಲಿ 22.1ರಿಂದ 24.5 ಡಿಗ್ರಿವರೆಗೆ ಏರಿ ಇಳಿಯುತ್ತದೆ. ಜೊತೆಗೆ ಭೂಮಿ ಬುಗುರಿಯ ಹಾಗೆ ತಲೆ ತಿರುಗಿಸುತ್ತದೆ, ಒಂದು ಸುತ್ತಿಗೆ ಸುಮಾರು 26 ಸಾವಿರ ವರ್ಷ. ಇವು ಕೂಡಿಬಂದು ಉತ್ತರದ ಬೇಸಿಗೆ ತಂಪಾದರೆ ಚಳಿಗಾಲದಲ್ಲಿ ಬಿದ್ದ ಹಿಮ ಪೂರ್ತಿ ಕರಗುವುದಿಲ್ಲ. ಮರುವರ್ಷ ಅದರ ಮೇಲೆ ಇನ್ನೊಂದು ಪದರ. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುತ್ತದೆ, ಚಳಿ ಇನ್ನೂ ಜಾಸ್ತಿಯಾಗುತ್ತದೆ. ಹಿಮಯುಗಕ್ಕೆ ಕಡು ಚಳಿಗಾಲಕ್ಕಿಂತ ಸಪ್ಪೆ ಬೇಸಿಗೆಯೇ ಮುಖ್ಯ.

ಬಲವಾದ ಸಾಕ್ಷಿ ಸಿಕ್ಕಿದ್ದು ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಕೆಸರಿನಲ್ಲಿ. ಅದರಲ್ಲಿ ಮರಳಿನ ಕಾಳಿನಷ್ಟು ಚಿಕ್ಕ ಜೀವಿಗಳ ಚಿಪ್ಪುಗಳಿರುತ್ತವೆ. ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಅಂತ ಬಗೆಗಳಿವೆ. ಹಗುರ ಆಮ್ಲಜನಕವಿರುವ ನೀರು ಸುಲಭವಾಗಿ ಆವಿಯಾಗಿ, ಹಿಮವಾಗಿ ನೆಲ ಸೇರುತ್ತದೆ. ಸಮುದ್ರದಲ್ಲಿ ಭಾರದ್ದು ಹೆಚ್ಚಾಗಿ ಉಳಿಯುತ್ತದೆ, ಚಿಪ್ಪಿಗೂ ಅದೇ ಸೇರುತ್ತದೆ. ಹಾಗಾಗಿ ಚಿಪ್ಪು ನೋಡಿ ಆ ಕಾಲದಲ್ಲಿ ಎಷ್ಟು ಹಿಮ ಇತ್ತೆಂದು ಹೇಳಬಹುದು. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ಎಂಬ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಮಿಲಾಂಕೊವಿಚ್ ಲೆಕ್ಕ ಹಾಕಿದ್ದ ಆವರ್ತಗಳೇ ಕೆಸರಿನಲ್ಲೂ ಕಂಡವು. ಅಷ್ಟೊತ್ತಿಗೆ ಅವರು ತೀರಿಕೊಂಡು 18 ವರ್ಷವಾಗಿತ್ತು.

ಈಗ ನಿಮ್ಮ ಎರಡನೇ ಮಾತಿಗೆ ಬರೋಣ. ಇದೇ ಲೆಕ್ಕ ಇಂದಿನ ಬಗ್ಗೆ ಏನು ಹೇಳುತ್ತದೆ? ಭೂಮಿಯ ಓರೆ ಈಗ 23.4 ಡಿಗ್ರಿ, ಇಳಿಯುತ್ತಿದೆ. ಉತ್ತರದಲ್ಲಿ ಬೇಸಿಗೆ ಇರುವ ಜುಲೈನಲ್ಲೇ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುತ್ತದೆ. ಅಂದರೆ ಪ್ರಕೃತಿಯ ಪಾಡಿಗೆ ಬಿಟ್ಟಿದ್ದರೆ ನಾವು ನಿಧಾನವಾಗಿ ತಣ್ಣಗಾಗುತ್ತಾ ಇರಬೇಕಿತ್ತು! ಸೂರ್ಯನೇ ಜೋರಾಗಿ ಉರಿಯುತ್ತಿದ್ದಾನಾ ಅಂದರೆ, 1978ರಿಂದ ಉಪಗ್ರಹಗಳು ಅಳೆಯುತ್ತಲೇ ಇವೆ, ಅಂಥ ಏರಿಕೆ ಕಂಡಿಲ್ಲ. ದೊಡ್ಡ ಜ್ವಾಲಾಮುಖಿಗಳು ಒಂದೆರಡು ವರ್ಷ ತಂಪು ಮಾಡುತ್ತವೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಹಾಗೇ ಮಾಡಿತು.

ಉಳಿದದ್ದು ಗಾಳಿ. ಅಂಟಾರ್ಕ್ಟಿಕಾದ ಹಿಮದೊಳಗಿನ ಗುಳ್ಳೆಗಳಲ್ಲಿ 8 ಲಕ್ಷ ವರ್ಷಗಳ ಗಾಳಿ ಸಿಕ್ಕಿದೆ. ಅಷ್ಟೂ ಕಾಲ ಬಿಸಿಯನ್ನು ಹಿಡಿದಿಡುವ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ ಸುಮಾರು 300 ಭಾಗ ದಾಟಿಲ್ಲ. ಈಗ 420 ದಾಟಿದೆ. ವೇಗವನ್ನೂ ನೋಡಿ. ಕಳೆದ ಹಿಮಯುಗ ಮುಗಿದು ಭೂಮಿ 5–6 ಡಿಗ್ರಿ ಬಿಸಿಯಾಗಲು ಸಾವಿರಾರು ವರ್ಷ ಹಿಡಿಯಿತು. ನಾವು 150 ವರ್ಷಗಳಲ್ಲೇ ಒಂದು ಡಿಗ್ರಿಗಿಂತ ಜಾಸ್ತಿ ಏರಿಸಿದ್ದೇವೆ.

ಮುಂದಿನ ಹಿಮಯುಗದ ಚಿಂತೆ ಬೇಡ. ಭೂಮಿಯ ದಾರಿ ಈಗ ಹೆಚ್ಚುಕಮ್ಮಿ ದುಂಡಗಿರುವುದರಿಂದ ಅದು ಹೇಗೂ ಬೇಗ ಬರುವಂತಿರಲಿಲ್ಲ. ನಮ್ಮ ಹೊಗೆ ಅದನ್ನು ಇನ್ನೂ ಮುಂದಕ್ಕೆ ತಳ್ಳಿದೆ.