ಸೈಕಲ್ ಸವಾರರ ಪ್ರಶ್ನೋತ್ತರ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ವಾಹನವಿಲ್ಲದ ಜಲ್ಲಿಹಾದಿಗಳು

ಪ್ರಶ್ನೆ: ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿದು ಸಾಕಾಗಿದೆ. ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸವಾರಿ ಮುಗಿಸಿ ಬಂದ ಗೆಳೆಯರು, ಫ್ರಾನ್ಸಿನ ಹಳ್ಳಿಗಳಲ್ಲಿ ಮೋಟಾರು ವಾಹನವೇ ಬಾರದ ಜಲ್ಲಿಹಾದಿಗಳಲ್ಲಿ ದಿನಗಟ್ಟಲೆ ಸಾಗಬಹುದೆಂದು ಹೇಳುತ್ತಾರೆ. ಇದು ನಿಜವೇ? ಎಲ್ಲಿಂದ ಆರಂಭಿಸಬೇಕು? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ನಿಜ. ಆದರೆ ಆ ಹಾದಿಗಳೆಲ್ಲ ಒಂದೇ ಬಗೆಯವಲ್ಲ. ಹಳೆಯ ರೈಲುದಾರಿಗಳು, ಕಾಲುವೆಯ ಏರಿಗಳು, ಹೊಲ ಮತ್ತು ಕಾಡಿನ ಬಂಡಿದಾರಿಗಳು ಎಂಬ ಮೂರು ಬಗೆಗಳಿಗೂ ಬೇರೆ ಬೇರೆ ಹಿನ್ನೆಲೆ ಮತ್ತು ಕಾನೂನುಗಳಿವೆ; ನೆಲದ ಗುಣವೂ ಬೇರೆ. ನಿಮಗೆ ಬೇಕಾದದ್ದು ಯಾವುದೆಂದು ಮೊದಲು ನಿರ್ಧರಿಸಿಕೊಳ್ಳುವುದು ಒಳ್ಳೆಯದು.

1878ರ ಸುಮಾರಿಗೆ ಲೋಕೋಪಯೋಗಿ ಸಚಿವರಾಗಿದ್ದ ಶಾರ್ಲ್ ದ ಫ್ರೇಸಿನೆ ಅವರು ದೇಶದ ಮೂಲೆಮೂಲೆಗೂ ರೈಲು ತಲುಪಬೇಕೆಂದು ದೊಡ್ಡ ಯೋಜನೆಯೊಂದನ್ನು ರೂಪಿಸಿದರು. ಆಗ ಹಾಕಿದ ಅನೇಕ ಕಿರುಮಾರ್ಗಗಳು 20ನೆಯ ಶತಮಾನದಲ್ಲಿ ನಷ್ಟದಿಂದ ಮುಚ್ಚಿಹೋದವು. ಹಳಿ ಕಿತ್ತ ಮೇಲೆ ಉಳಿದ ದಿಬ್ಬ, ಸೇತುವೆ, ಸುರಂಗಗಳೇ ಇಂದು ‘ವೊಆ ವೆರ್ತ್’, ಅಂದರೆ ಹಸಿರು ಹಾದಿಗಳಾಗಿವೆ. ಬರ್ಗಂಡಿಯ ಜಿವ್ರಿಯಿಂದ ಕ್ಲೂನಿಯವರೆಗಿನ ಸುಮಾರು 44 ಕಿ.ಮೀ. ಹಾದಿ 1997ರಲ್ಲಿ ತೆರೆದುಕೊಂಡಿತು. ದೇಶದ ಮೊದಲ ಹಸಿರು ಹಾದಿಯೆಂಬ ಹೆಸರು ಅದಕ್ಕಿದೆ. 2004ರಲ್ಲಿ ಈ ಹಾದಿಗಳು ಸಂಚಾರ ನಿಯಮಾವಳಿಯಲ್ಲಿ ಸೇರಿ, ಮೋಟಾರಿಲ್ಲದ ವಾಹನಗಳು, ಪಾದಚಾರಿಗಳು ಮತ್ತು ಕುದುರೆ ಸವಾರರಿಗಷ್ಟೇ ಮೀಸಲಾದವು. ಉಗಿಬಂಡಿ ಹತ್ತಬೇಕಾಗಿದ್ದ ದಾರಿಯಾದ್ದರಿಂದ ಏರು ಬಲು ಸೌಮ್ಯ. ಕ್ಲೂನಿಯ ದಕ್ಷಿಣಕ್ಕೆ 1.6 ಕಿ.ಮೀ. ಉದ್ದದ ಬೊಆ ಕ್ಲೇರ್ ಸುರಂಗವಿದೆ. ಬೇಸಿಗೆಯ ಸುಡುಬಿಸಿಲಿನಲ್ಲೂ ಅದರೊಳಗೆ ಮೈ ನಡುಗುವಷ್ಟು ತಂಪಿರುತ್ತದೆ. ಬಾವಲಿಗಳು ಅಲ್ಲಿ ಚಳಿಗಾಲದ ನಿದ್ರೆಗೆ ತೊಡಗುವುದರಿಂದ ಆ ತಿಂಗಳುಗಳಲ್ಲಿ ಅದನ್ನು ಮುಚ್ಚುತ್ತಾರೆ, ಸೈಕಲ್ಲಿನವರು ಬೆಟ್ಟ ಹತ್ತಿ ಹೋಗಬೇಕು.

ಒಂದು ಎಚ್ಚರಿಕೆ: ಹಸಿರು ಹಾದಿಗಳಲ್ಲಿ ಹಲವಕ್ಕೆ ಡಾಂಬರು ಹಾಕಿಬಿಟ್ಟಿದ್ದಾರೆ. ಮಕ್ಕಳಿಗೂ ವೃದ್ಧರಿಗೂ ಅದೇ ಸರಿ, ಜಲ್ಲಿಯ ಆಸೆಯಿಂದ ಹೋದವರಿಗೆ ಮಾತ್ರ ಸಪ್ಪೆ. ಜಲ್ಲಿಯೇ ಬೇಕೆಂದರೆ ದಕ್ಷಿಣದ ಮಜಾಮೆಯಿಂದ ಬೆದಾರಿಯೊವರೆಗೆ ಬೆಟ್ಟಗಳ ಬುಡದಲ್ಲಿ ಸುರಂಗ, ಸೇತುವೆಗಳ ಮೂಲಕ ಸಾಗುವ ‘ಪಾಸಾ ಪಾಯಿಸ್’ ಹಾದಿಯನ್ನೋ, ಬ್ರಿಟನಿಯ ನಾಂತ್–ಬ್ರೆಸ್ತ್ ಕಾಲುವೆಯ ಏರಿಯನ್ನೋ ಆರಿಸಿಕೊಳ್ಳಬಹುದು. ಬ್ರಿಟಿಷ್ ನೌಕಾಪಡೆ ಬ್ರೆಸ್ತ್ ಬಂದರಿಗೆ ದಿಗ್ಬಂಧನ ಹಾಕಿದ್ದರಿಂದ ನೆಪೋಲಿಯನ್ ಆರಂಭಿಸಿದ ಈ ಕಾಲುವೆ ಪೂರ್ಣವಾಗಿ ತೆರೆದದ್ದು 1842ರಲ್ಲಿ. ಸುಮಾರು 360 ಕಿ.ಮೀ. ಉದ್ದದ ಇದರಲ್ಲಿ ದೋಣಿಗಳನ್ನು ಏರಿಸಿ ಇಳಿಸುವ 230ಕ್ಕೂ ಹೆಚ್ಚು ನೀರುಬಾಗಿಲುಗಳಿದ್ದು, ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ ಏರಿಯ ಮೇಲೆ ಈಗ ಗಟ್ಟಿಯಾಗಿ ಕೂಡಿಸಿದ ಮರಳುಜಲ್ಲಿಯ ನೆಲವಿದೆ. ನಡುವೆ ಗೆರ್ಲೆದಾಂ ಅಣೆಕಟ್ಟಿನ ಹಿನ್ನೀರಿನಲ್ಲಿ ಕಾಲುವೆಯ ಒಂದು ಭಾಗವೇ ಮುಳುಗಿದೆ; ಅಲ್ಲಿ ಹಳೆಯ ರೈಲುದಾರಿಯೊಂದು ನಿಮ್ಮನ್ನು ಸುತ್ತು ಹಾಕಿಸಿ ಮುಂದಕ್ಕೆ ದಾಟಿಸುತ್ತದೆ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಈ ಹಾದಿಯೇ.

ಮೂರನೆಯ ಬಗೆಯ ಬಂಡಿದಾರಿಗಳೇ ನಿಜವಾದ ಸಂಪತ್ತು. ಬರ್ಗಂಡಿಯ ಮೊರ್ವಾಂ ಕಾಡುಗಳಲ್ಲಿ, ಮಾಸಿಫ್ ಸಾಂತ್ರಾಲ್ ಪ್ರಸ್ಥಭೂಮಿಯ ಮೇಲೆ ಒಂದು ಕಾರೂ ಎದುರಾಗದ ದಾರಿಗಳು ಹೆಣೆದುಕೊಂಡಿವೆ. ಆವಲೋಂನಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಸುಮಾರು 1,400 ಕಿ.ಮೀ. ಸಾಗುವ ಗುರುತು ಹಾಕಿದ ಮಾರ್ಗವೂ ಇದೆ; ಆದರೆ ಅದನ್ನು ಮೌಂಟೇನ್ ಬೈಕಿಗಾಗಿ ರೂಪಿಸಿದ್ದಾರೆ, ಜಲ್ಲಿಹಾದಿಗೆಂದು ಮಾಡಿದ ಗ್ರಾವೆಲ್ ಬೈಕಿನವರು ಕೆಲವೆಡೆ ಇಳಿದು ತಳ್ಳಬೇಕಾದೀತು. ಇಡೀ ಪ್ರವಾಸವೇ ವಾಹನರಹಿತವಾಗಿರಬೇಕೆಂಬ ಹಟ ಬೇಡ. ಎರಡು ಬಂಡಿದಾರಿಗಳ ನಡುವೆ ಬರುವ ಹಳ್ಳಿಯ ಕಿರುರಸ್ತೆಗಳಲ್ಲಿ ಟ್ರ್ಯಾಕ್ಟರು, ಅಂಚೆಯವರ ವ್ಯಾನು ಬಿಟ್ಟರೆ ಹೆಚ್ಚೇನೂ ಓಡಾಡುವುದಿಲ್ಲ. ಅವನ್ನೂ ತಪ್ಪಿಸಲು ಹೋದರೆ ಕೆಸರಿನಲ್ಲೇ ದಿನ ಕಳೆದೀತು.

ಪ್ರಶ್ನೆ: ಕೆಲಸದ ಮೇಲೆ ತುಲೂಸ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಮಗಳೊಂದಿಗೆ ಮಿದಿ ಕಾಲುವೆಯ ಏರಿಯ ಮೇಲೆ ಸಮುದ್ರದವರೆಗೆ ಹೋಗಬಹುದೇ? (ಕನ್ನಡಿಗ ದಂಪತಿ, ತುಲೂಸ್)

ಉತ್ತರ: ಮೊದಲ ಸುಮಾರು 50 ಕಿ.ಮೀ., ಅಂದರೆ ಪೋರ್ ಲೊರಾಗೆವರೆಗೆ, ನಯವಾದ ಡಾಂಬರು ಹಾದಿಯಿದೆ, ಮಗುವಿಗೆ ತೊಂದರೆಯಿಲ್ಲ. ಆಮೇಲೆ ಸಮುದ್ರದ ಕಡೆಗೆ ಹೋದಂತೆ ನೆಲ ಒರಟಾಗುತ್ತದೆ, ಮರದ ಬೇರುಗಳು ಎದ್ದಿರುತ್ತವೆ, ಕೆಲವೆಡೆ ಹಾದಿ ಹ್ಯಾಂಡಲ್ ಅಗಲಕ್ಕೆ ಕಿರಿದಾಗಿ ನೀರಿನಂಚಿನಲ್ಲೇ ಸಾಗುತ್ತದೆ. 1681ರಲ್ಲಿ ಮುಗಿದ ಈ ಕಾಲುವೆಯ ಹೆಸರಾಂತ ನೆರಳನ್ನೂ ಎಲ್ಲೆಡೆ ನಿರೀಕ್ಷಿಸಬೇಡಿ. 2006ರಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಸಾವಿರಾರು ಪ್ಲೇನ್ ಮರಗಳನ್ನು ಕಡಿಯಬೇಕಾಯಿತು. ಹೊಸದಾಗಿ ನೆಟ್ಟವು ಇನ್ನೂ ಎಳೆಯವು.

ನಾನಾದರೆ ನೊರೂಜ್ ಬಳಿ ಕಾಲುವೆಯನ್ನೇ ಬಿಟ್ಟುಬಿಡುತ್ತೇನೆ. ಅಲ್ಲಿ ಕಾಲುವೆ ತನ್ನ ಅತಿ ಎತ್ತರದ ಭಾಗವನ್ನು ಮುಟ್ಟುತ್ತದೆ. ಎರಡೂ ಕಡೆಗೆ ಹರಿಯಬೇಕಾದ ನೀರನ್ನು ಕಪ್ಪು ಬೆಟ್ಟದಿಂದ ತರಲು ಮಿದಿ ಕಾಲುವೆಯ ನಿರ್ಮಾತೃ ಪಿಯರ್ ಪೋಲ್ ರಿಕೆ ಒಂದು ಕಿರುಗಾಲುವೆಯನ್ನು ತೋಡಿಸಿದ. ಗೋಧಿ, ಸೂರ್ಯಕಾಂತಿ ಹೊಲಗಳ ನಡುವೆ ಅಂಕುಡೊಂಕಾಗಿ ರೆವೆಲ್ ಊರಿನ ಕಡೆಗೆ ಸಾಗುವ ಅದರ ಮಣ್ಣಿನ ಏರಿಯಲ್ಲಿ ಜನಸಂದಣಿ ಕಡಿಮೆ, ಏರು ಗೊತ್ತೇ ಆಗದಷ್ಟು ಅಲ್ಪ. ರೆವೆಲ್ ದಾಟಿದರೆ ಸಾಂ ಫೆರಿಯೋಲ್ ಜಲಾಶಯ ಸಿಗುತ್ತದೆ, ಮಗಳು ಈಜಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಅಲ್ಲಿ ಕಾನೂನುಪ್ರಕಾರ ಕಡ್ಡಾಯ.

ಪ್ರಶ್ನೆ: ನಕಾಶೆಯಲ್ಲಿ ಕಾಣುವ ಬಂಡಿದಾರಿ ಸಾರ್ವಜನಿಕವೋ ಖಾಸಗಿಯೋ ಎಂದು ತಿಳಿಯುವುದು ಹೇಗೆ? ಯಾವ ಟೈರು ಸೂಕ್ತ? (ಮೈಸೂರಿನ ಓದುಗರು)

ಉತ್ತರ: ಫ್ರೆಂಚ್ ಕಾನೂನಿನಲ್ಲಿ ‘ಗ್ರಾಮೀಣ ದಾರಿ’ ಎನಿಸಿಕೊಂಡದ್ದು ಊರಿನ ಆಡಳಿತದ ಸ್ವತ್ತು, ಸಾರ್ವಜನಿಕರ ಬಳಕೆಗೆ ಮುಕ್ತ. ಹೊಲದಿಂದ ಹೊಲಕ್ಕೆ ಹೋಗಲು ರೈತರು ಇಟ್ಟುಕೊಂಡ ‘ಸಾಗುವಳಿ ದಾರಿ’ ಖಾಸಗಿಯಾಗಿದ್ದು, ಮಾಲೀಕರು ಹೊರಗಿನವರಿಗೆ ನಿಷೇಧ ಹೇರಬಹುದು. ಫ್ರಾನ್ಸಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಐಜಿಎನ್‌ನ 1:25,000 ಪ್ರಮಾಣದ ನಕಾಶೆ ದಾರಿಯ ಇರವನ್ನು ಕರಾರುವಾಕ್ಕಾಗಿ ತೋರಿಸುತ್ತದೆಯೇ ಹೊರತು ಒಡೆತನವನ್ನಲ್ಲ. ಒಡೆತನಕ್ಕೆ ಕಂದಾಯ ನಕಾಶೆಯನ್ನು ನೋಡಬೇಕು, ಎರಡೂ ಸರ್ಕಾರಿ ನಕಾಶೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಷೇಧದ ಫಲಕವಿದ್ದರೆ ವಾದಿಸದೆ ಹಿಂದಿರುಗಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಿ.

ಟೈರು 40ರಿಂದ 45 ಮಿ.ಮೀ. ಅಗಲದ್ದು, ಟ್ಯೂಬ್‌ಲೆಸ್ ಆದರೆ ಲೇಸು. ಬೇಲಿ ಸವರಿದ ದಿನಗಳಲ್ಲಿ ದಾರಿಯ ತುಂಬ ಮುಳ್ಳುಗಳಿರುತ್ತವೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹಳ್ಳಿಗಳಲ್ಲಿ ಊಟ, ನೀರು ಸಿಗುತ್ತದೆಯೇ? ಯಾವ ತಿಂಗಳು ಒಳ್ಳೆಯದು? ನಾಯಿಗಳ ಕಾಟವಿದೆಯೇ? (ಧಾರವಾಡದ ಓದುಗರು)

ಉತ್ತರ: ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚಿರುವುದು ರೂಢಿ, ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಹಲವು ಊರುಗಳಲ್ಲಿ ಬ್ರೆಡ್ಡೂ ಸಿಗದು. ಒಂದು ಹೊತ್ತಿನ ಬುತ್ತಿ ಸದಾ ಚೀಲದಲ್ಲಿರಲಿ. ಚೀಸ್ ನೆಚ್ಚಿಕೊಳ್ಳುವವರು ಅಲ್ಲಿನ ಸಾಂಪ್ರದಾಯಿಕ ಚೀಸುಗಳಲ್ಲಿ ಹೆಚ್ಚಿನವನ್ನು ಕರುವಿನ ಜಠರದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆಂಬುದನ್ನು ತಿಳಿದಿರಬೇಕು. ನೀರಿಗೆ ಅಲ್ಲಿನ ಸವಾರರೆಲ್ಲ ಹುಡುಕುವುದು ಊರಾಚೆಯ ಸ್ಮಶಾನವನ್ನು: ಸಮಾಧಿಯ ಹೂಗಿಡಗಳಿಗೆಂದು ಗೇಟಿನ ಬಳಿಯೇ ನಲ್ಲಿ ಇಟ್ಟಿರುತ್ತಾರೆ. ಮಡಿ ಮೈಲಿಗೆಯ ಮಾತು ನಿಮಗೆ ಬಿಟ್ಟದ್ದು. ‘ಓ ನೋಂ ಪೊತಾಬ್ಲ್’ ಎಂಬ ಫಲಕವಿದ್ದರೆ ಮಾತ್ರ ಕುಡಿಯಬೇಡಿ.

ಮೇ, ಜೂನ್ ಉತ್ತಮ. ಜುಲೈ, ಆಗಸ್ಟಿನಲ್ಲಿ ಬೆಂಕಿಯ ಅಪಾಯ ಹೆಚ್ಚಿದ ದಿನ ಮೆಡಿಟರೇನಿಯನ್ ತೀರದ ಕಾಡುಗಳಿಗೆ ಪ್ರವೇಶವನ್ನೇ ಮುಚ್ಚುತ್ತಾರೆ. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲ. ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ತೊಡಿ, ‘ಶಾಸ್ ಆಂ ಕೂರ್’ ಎಂಬ ಫಲಕ ಕಂಡರೆ ಬೇರೆ ದಾರಿ ಹಿಡಿಯಿರಿ.

ಬೀದಿನಾಯಿಗಳ ಹಾವಳಿಯಿಲ್ಲ. ಆಲ್ಪ್ಸ್, ಪಿರೆನೀಸ್ ಬೆಟ್ಟಗಳಲ್ಲಿ ಮಾತ್ರ ಕುರಿಮಂದೆ ಕಾಯುವ ‘ಪಾತೂ’ ಎಂಬ ದೊಡ್ಡ ಬಿಳಿ ನಾಯಿಗಳು ಬೊಗಳುತ್ತ ಎದುರು ಬರುತ್ತವೆ. ಆಗ ವೇಗ ಹೆಚ್ಚಿಸಿ ಪಾರಾಗಲು ನೋಡಬಾರದು. ಸೈಕಲ್ಲಿನಿಂದಿಳಿದು, ಅದನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು, ಕೋಲು ಕಲ್ಲು ಎತ್ತದೆ, ದಿಟ್ಟಿಸದೆ, ಮೆಲುದನಿಯಲ್ಲಿ ಮಾತಾಡುತ್ತ ಮಂದೆಯನ್ನು ದೂರದಿಂದ ಬಳಸಿ ನಡೆಯಿರಿ. ನಿಮ್ಮಿಂದ ಕುರಿಗಳಿಗೆ ಅಪಾಯವಿಲ್ಲವೆಂದು ಮನವರಿಕೆಯಾದರೆ ಅದು ಸಾಮಾನ್ಯವಾಗಿ ಮಂದೆಗೆ ಮರಳುತ್ತದೆ.