ಬುದ್ಧರು ಇದನ್ನು ಎಲ್ಲಿ ಹೇಳಿದ್ದಾರೆ?

(ಯಾದಗಿರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ನಾವು ಆರು ಜನ ಗೆಳೆಯರು ದಿನಕ್ಕೊಂದು ಬುದ್ಧವಾಣಿಯ ಚಿತ್ರ ಮಾಡಿ ವಾಟ್ಸಾಪ್‌ನಲ್ಲಿ ಹಂಚುತ್ತೇವೆ. ‘ಸಿಟ್ಟು ಇಟ್ಟುಕೊಳ್ಳುವುದೆಂದರೆ ತಾನು ವಿಷ ಕುಡಿದು ಇನ್ನೊಬ್ಬ ಸಾಯಲಿ ಎಂದು ಕಾದಂತೆ’ ಎಂಬುದು ಎಲ್ಲಕ್ಕಿಂತ ಹೆಚ್ಚು ಓಡಿತು. ಆಗ ಹಿರಿಯರೊಬ್ಬರು ‘ಬುದ್ಧರು ಇದನ್ನು ಎಲ್ಲಿ ಹೇಳಿದ್ದಾರೆ?’ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಯೂಟ್ಯೂಬ್ ಚಾನೆಲ್ ತೆರೆಯಬೇಕೆಂದಿದ್ದೇವೆ. ಪಾಠ ಎಲ್ಲಿಂದ ತೆಗೆದುಕೊಳ್ಳಬೇಕು, ಹಕ್ಕುಸ್ವಾಮ್ಯದ ತೊಡಕೇನು, ಧ್ವನಿ ಹೇಗಿರಬೇಕು, ಹೆಚ್ಚು ಜನರನ್ನು ಮುಟ್ಟುವುದು ಹೇಗೆ?)

ಮಾನ್ಯರೇ,

ಎಲ್ಲೂ ಹೇಳಿಲ್ಲ. ಆ ಹಿರಿಯರ ಅನುಮಾನ ಸರಿ; ವಿಷದ ಮಾತು ಬುದ್ಧವಚನದ ಸಂಗ್ರಹವಾದ ತಿಪಿಟಕದಲ್ಲಿ ಇಲ್ಲ. ಅದರ ಜೊತೆಗೆ ಓಡಾಡುವ ಇನ್ನೊಂದು ಕಾರ್ಡ್ ಇದೆ: ಸಿಟ್ಟೆಂದರೆ ಇನ್ನೊಬ್ಬರ ಮೇಲೆ ಎಸೆಯಲು ಕೆಂಡ ಹಿಡಿದಂತೆ, ಮೊದಲು ಸುಡುವುದು ನಿಮ್ಮದೇ ಕೈ. ಇದಕ್ಕೆ ಮೂಲವಿದೆ, ಆದರೆ ಅದು ಕ್ರಿ.ಶ. 5ನೇ ಶತಮಾನದ ಭಾಷ್ಯಕಾರ ಬುದ್ಧಘೋಷರ ‘ವಿಸುದ್ಧಿಮಗ್ಗ’ ಗ್ರಂಥದ 9ನೇ ಅಧ್ಯಾಯ. ಅಲ್ಲಿ ಕೆಂಡದ ಪಕ್ಕದಲ್ಲೇ ಮಲದ ಹೋಲಿಕೆಯೂ ಇದೆ. ಕಾರ್ಡ್ ಮಾಡುವವರು ಅದನ್ನು ಜಾಣತನದಿಂದ ಬಿಟ್ಟಿದ್ದಾರೆ.

ಸಿಟ್ಟಿನ ಬಗ್ಗೆ ಬುದ್ಧರದೇ ಮಾತು ಬೇಕಾದಷ್ಟಿದೆ. ತಿಪಿಟಕದ ಪದ್ಯಸಂಗ್ರಹವಾದ ಧಮ್ಮಪದದ 17ನೇ ವಗ್ಗವೇ ಕೋಧವಗ್ಗ, ಎಂದರೆ ಸಿಟ್ಟಿನ ಅಧ್ಯಾಯ; 221ರಿಂದ 234ರವರೆಗೆ ಹದಿನಾಲ್ಕು ಗಾಥೆ (ಪದ್ಯ). 222 ಹೀಗಿದೆ: ‘ಯೋ ವೇ ಉಪ್ಪತಿತಂ ಕೋಧಂ, ರಥಂ ಭನ್ತಂವ ವಾರಯೇ, ತಮಹಂ ಸಾರಥಿಂ ಬ್ರೂಮಿ, ರಸ್ಮಿಗ್ಗಾಹೋ ಇತರೋ ಜನೋ.’ ಉಕ್ಕಿ ಬಂದ ಸಿಟ್ಟನ್ನು, ದಿಕ್ಕುಗೆಟ್ಟು ಓಡುವ ರಥವನ್ನು ನಿಲ್ಲಿಸಿದ ಹಾಗೆ ಯಾರು ತಡೆಯುತ್ತಾರೋ ಅವರನ್ನು ಸಾರಥಿ ಎನ್ನುತ್ತೇನೆ. ಉಳಿದವರು ಬರೀ ಲಗಾಮು ಹಿಡಿದು ಕೂತವರು. ವಿಷದ ಕಾರ್ಡಿಗಿಂತ ಇದು ಚುರುಕಾಗಿಲ್ಲವೇ?

ಹಾಗಾಗಿ ನಿಮ್ಮ ಗುಂಪಿಗೆ ಮೊದಲ ಕಟ್ಟಳೆ: ಸಂಖ್ಯೆಯಿಲ್ಲದ ಮಾತು ಹೊರಗೆ ಹೋಗಬಾರದು. ‘ಧಮ್ಮಪದ 222’, ‘ದೀಘನಿಕಾಯ 31’ (ದೀರ್ಘ ಸುತ್ತಗಳ, ಅಂದರೆ ಉಪದೇಶಗಳ, ಸಂಗ್ರಹದ 31ನೆಯದು) ಎಂದು ಚಿತ್ರದ ಕೆಳಗೆ, ವಿಡಿಯೊ ವಿವರಣೆಯ ಮೊದಲ ಸಾಲಿನಲ್ಲಿ ಇರಲಿ. ಇದು ಪಂಡಿತರ ಚಟವಲ್ಲ. ಮಹಾಪರಿನಿಬ್ಬಾನ ಸುತ್ತದಲ್ಲಿ (ದೀಘನಿಕಾಯ 16) ನಾಲ್ಕು ಮಹಾಪದೇಸಗಳಿವೆ, ಒಂದು ಮಾತು ಬುದ್ಧರದೇ ಎಂದು ಪರೀಕ್ಷಿಸುವ ಸೂತ್ರಗಳು. ‘ಇದನ್ನು ಭಗವಂತರ ಬಾಯಿಂದಲೇ ಕೇಳಿದೆ’ ಎಂದು ಯಾರಾದರೂ ಹೇಳಿದರೆ ಒಪ್ಪಲೂ ಬೇಡಿ, ತಳ್ಳಲೂ ಬೇಡಿ; ಪದಪದವನ್ನೂ ಸುತ್ತಗಳ ಮತ್ತು ವಿನಯದ (ಸಂಘದ ನಿಯಮಗಳ) ಪಕ್ಕದಲ್ಲಿಟ್ಟು ನೋಡಿ ಎಂಬುದು ಅದರ ತಿರುಳು. ನಿಮ್ಮ ಪಕ್ಕದ ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ ಹೆಸರು ಕೊರೆಸಿರುವ ಅಶೋಕನೂ ರಾಜಸ್ಥಾನದ ಬೈರಾಟ್ ಶಾಸನದಲ್ಲಿ ‘ಬುದ್ಧರ ಮಾತು ಕೇಳಿ’ ಎಂದಷ್ಟೇ ಹೇಳಿ ಬಿಡಲಿಲ್ಲ. 7 ಧಮ್ಮಪಾಠಗಳ ಹೆಸರು ಹೇಳಿ, ಭಿಕ್ಷು ಭಿಕ್ಷುಣಿಯರೂ ಉಪಾಸಕ ಉಪಾಸಿಕೆಯರೂ ಇವನ್ನು ಮತ್ತೆ ಮತ್ತೆ ಕೇಳಲಿ ಎಂದ.

ತಿಪಿಟಕದ ಭಾಷೆಯಾದ ಪಾಳಿಗೆ ತನ್ನದೇ ಲಿಪಿಯಿಲ್ಲ. ಕನ್ನಡದಲ್ಲಿ ಅದು ಒಂದಕ್ಷರವೂ ಕಳೆಯದೆ ಕೂರುತ್ತದೆ. ಇಗತ್ಪುರಿಯ ವಿಪಶ್ಯನಾ ವಿಶೋಧನ ವಿನ್ಯಾಸದ ಜಾಲತಾಣದಲ್ಲಿ ಛಟ್ಠ ಸಂಗಾಯನದ (ಆರನೇ ಬೌದ್ಧ ಮಹಾಸಭೆ, 1954-56, ಯಾಂಗೂನ್) ತಿಪಿಟಕ ಕನ್ನಡ ಲಿಪಿಯಲ್ಲೇ ಸಿಗುತ್ತದೆ. ಆದರೆ ಅದು ದೇವನಾಗರಿಯಿಂದ ಯಂತ್ರ ತಿರುಗಿಸಿದ ಪಾಠ. ದೇವನಾಗರಿಯಲ್ಲಿ ಎ-ಏ, ಒ-ಓ ಭೇದವಿಲ್ಲ. ಎಲ್ಲವೂ ದೀರ್ಘವಾಗಿ ಬರುತ್ತವೆ. ಪಾಳಿಯಲ್ಲಿ ಒತ್ತಕ್ಷರದ ಮುಂಚೆ ಇವು ಹ್ರಸ್ವ. ‘ಸೋತ್ಥಿ ತೇ ಹೋತು’ ಎಂದಿದ್ದರೆ ಓದುವುದು ‘ಸೊತ್ಥಿ ತೇ ಹೋತು’. ‘ಮೇತ್ತಾ’ ಎಂದಿದ್ದರೆ ‘ಮೆತ್ತಾ’. ತಿದ್ದದೆ ಪಠಣಕ್ಕೆ ಕೊಟ್ಟರೆ ಓದುವವರು ಎಳೆದು ಎಳೆದು ಓದುತ್ತಾರೆ. ಇನ್ನೊಂದು ಸಣ್ಣ ಕಿರಿಕಿರಿ: ಅಲ್ಲಿ ‘ಸಙ್ಘ’, ನಾವು ಬರೆಯುವುದು ‘ಸಂಘ’. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹುಡುಕುವಾಗ ಎರಡನ್ನೂ ಹಾಕಿ, ಬರೆಯುವಾಗ ಒಂದನ್ನೇ ಹಿಡಿಯಿರಿ.

ಹಳೆಯ ಕನ್ನಡ ಪುಸ್ತಕದಿಂದ ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನ ಕಡತ ಮೊಬೈಲಿನಲ್ಲಿ ಕಲಸುಮೇಲೋಗರವಾಗಿ ಕಾಣುತ್ತದೆ. ಪರಿವರ್ತಕಕ್ಕೆ ಹಾಕಿದ ಮೇಲೂ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಂದಲೇ ನೋಡಬೇಕು. ಸ್ಕ್ಯಾನ್ ಮಾಡಿ ಅಕ್ಷರ ಎತ್ತಿಸುವುದಾದರೆ 300 ಡಿಪಿಐಗೆ ಕಡಿಮೆ ಬೇಡ. ಆಗಲೂ ದ-ಧ, ಬ-ಭ ಅದಲು ಬದಲಾಗಿ ‘ಧಮ್ಮ’ ಹೋಗಿ ‘ದಮ್ಮ’ ಬಂದಿರುತ್ತದೆ. ಟಿಬೆಟನ್ ಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸಿದವರ ಉಪಾಯ ಸುಲಭದ್ದು: ಒಂದೇ ಪಾಠವನ್ನು ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡುವುದು, ಎರಡನ್ನೂ ಕಂಪ್ಯೂಟರಿನಲ್ಲಿ ಹೋಲಿಸುವುದು, ವ್ಯತ್ಯಾಸ ಕಂಡಲ್ಲಿ ಮಾತ್ರ ಮೂಲ ನೋಡುವುದು. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ. ಆರು ಜನ ಇದ್ದೀರಲ್ಲ, ಮೂರು ಜೋಡಿ ಆಯಿತು.

ಹಕ್ಕುಸ್ವಾಮ್ಯ. ಸುತ್ತ ಯಾರ ಸೊತ್ತೂ ಅಲ್ಲ, ಅನುವಾದ ಅನುವಾದಕರದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅವರ ಬೌದ್ಧ ಅನುವಾದಗಳನ್ನು 2039 ಮುಗಿಯುವವರೆಗೆ ಅನುಮತಿ ಇಲ್ಲದೆ ಇಡಿಯಾಗಿ ಓದಿ ಹಾಕುವಂತಿಲ್ಲ. ಅಂಬೇಡ್ಕರ್ ಅವರ ‘ಬುದ್ಧ ಮತ್ತು ಆತನ ಧಮ್ಮ’ದ ಇಂಗ್ಲಿಷ್ ಮೂಲದ ಅವಧಿ ಮುಗಿದಿದೆ, ಕನ್ನಡ ಅನುವಾದದ ಲೆಕ್ಕವೇ ಬೇರೆ. ನೀವೇ ಅನುವಾದಿಸುವುದಾದರೆ ಸುತ್ತಸೆಂಟ್ರಲ್ ಜಾಲತಾಣದಲ್ಲಿರುವ ಭಿಕ್ಷು ಸುಜಾತೋ ಅವರ ಇಂಗ್ಲಿಷ್ ಪಾಠ ಒಳ್ಳೆಯ ಆಸರೆ. ಅವರು ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾರೆ, ಪಾಳಿಯೂ ಇಂಗ್ಲಿಷೂ ಸಾಲಿಗೆ ಸಾಲು ಎದುರುಬದುರು ಇರುತ್ತವೆ. ಪಠಣದ ಧ್ವನಿಮುದ್ರಣವನ್ನು ಮಾತ್ರ ಬೇರೆಯವರದ್ದು ಎತ್ತಬೇಡಿ. ಗಾಥೆ ಹಳೆಯದಾದರೂ ದನಿ ಇಂದಿನದು. ಯೂಟ್ಯೂಬ್ ಯಂತ್ರ ಅದನ್ನು ಗುರುತು ಹಿಡಿಯುತ್ತದೆ.

ಅನುವಾದದಲ್ಲಿ ಕನ್ನಡಿಗರಿಗೇ ಮೀಸಲಾದ ಗುಂಡಿಯೊಂದಿದೆ. ಪಾಳಿ ಪದಗಳ ಸಂಸ್ಕೃತ ರೂಪಗಳು ನಮ್ಮ ಬಾಯಲ್ಲಿ ಆಗಲೇ ಇವೆ, ಬೇರೆ ಅರ್ಥದಲ್ಲಿ. ಪಂಚಸ್ಕಂಧಗಳನ್ನೇ, ಅಂದರೆ ಮನುಷ್ಯನನ್ನು ಬಿಡಿಸಿ ನೋಡುವ ಐದು ಭಾಗಗಳನ್ನೇ, ತೆಗೆದುಕೊಳ್ಳಿ. ‘ವೇದನೆ’ ಎಂದರೆ ನಮಗೆ ನೋವು. ಪಾಳಿಯ ವೇದನಾದಲ್ಲಿ ಸುಖವೂ ಇದೆ, ದುಃಖವೂ ಇದೆ, ಎರಡೂ ಅಲ್ಲದ್ದೂ ಇದೆ. ‘ಸಂಜ್ಞೆ’ ನಮಗೆ ಸನ್ನೆ, ಅಲ್ಲಿ ಗುರುತು ಹಿಡಿಯುವುದು. ‘ಸಂಸ್ಕಾರ’ ಎಂದರೆ ಮನೆಯಲ್ಲಿ ಕಲಿಸಿದ ನಡತೆ ಅಥವಾ ಸ್ಮಶಾನದ ಕೆಲಸ. ‘ವಿಜ್ಞಾನ ಅನಿತ್ಯ’ ಎಂದು ವಿಡಿಯೊದಲ್ಲಿ ಹೇಳಿದರೆ ಪಿಯುಸಿ ಹುಡುಗ ಏನೆಂದುಕೊಳ್ಳಬೇಕು? ಐದರಲ್ಲಿ ನಾಲ್ಕು ಪದ ಹೀಗೆ ಕಾಲು ಎಳೆಯುತ್ತವೆ. ಪಾಳಿ ಪದವನ್ನೇ ಇಟ್ಟು, ಮೊದಲ ಸಲ ಬಂದಾಗ ತಿಳಿಗನ್ನಡದಲ್ಲಿ ಬಿಡಿಸಿ ಹೇಳುವುದು ಕ್ಷೇಮ: ವೇದನಾ ಎಂದರೆ ಹಿತ-ಅಹಿತದ ಅನಿಸಿಕೆ, ವಿಞ್ಞಾಣ ಎಂದರೆ ಅರಿವು.

ಧ್ವನಿಗೆ ದುಬಾರಿ ಮೈಕ್ ಬೇಕಿಲ್ಲ. ಫ್ಯಾನ್ ಆರಿಸಿ, ಬಟ್ಟೆಯ ಬೀರು, ಹಾಸಿಗೆ ಇರುವ ಸಣ್ಣ ಕೋಣೆ ಸಾಕು, ಗೋಡೆ ಪ್ರತಿಧ್ವನಿಸುವುದಿಲ್ಲ. ಮೊಬೈಲನ್ನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಇಡಿ. ನೇರ ಹಿಡಿದರೆ ‘ಭ’, ‘ಫ’ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಹಿನ್ನೆಲೆಗೆ ಕೊಳಲು ಬೇಡವೇ ಬೇಡ. ಗಾಥೆಯನ್ನು ಎರಡು ಸಲ ಓದಿ, ಮೊದಲು ನಿಧಾನಕ್ಕೆ, ಆಮೇಲೆ ಲಯದಲ್ಲಿ. ಯೂಟ್ಯೂಬ್‌ನಲ್ಲಿ ನೀವು ಹಣಗಳಿಕೆ ಆನ್ ಮಾಡದಿದ್ದರೂ ಜಾಹೀರಾತು ಬರಬಹುದು. ಪಂಚಶೀಲದ ಮುಂಚೆ ಯಾವುದೋ ಆಟದ ಜಾಹೀರಾತು ಬಂದರೆ ಅಚ್ಚರಿಪಡಬೇಡಿ. ಅದೇ ಕಡತವನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲೂ ಇಟ್ಟರೆ ಜಾಹೀರಾತಿಲ್ಲದೆ ಕೇಳಬಹುದು, ಇಳಿಸಿಕೊಳ್ಳಬಹುದು.

ಚಿತ್ರಗಳ ವಿಚಾರ. ವಾಟ್ಸಾಪ್ ಚಿತ್ರವನ್ನು ಹಿಂಡುತ್ತದೆ. ಮೊದಲು ಮಸುಕಾಗುವುದು ಒತ್ತಕ್ಷರ. ಇಪ್ಪತ್ತೈದು ಪದ ದಾಟಿಸಬೇಡಿ. ಅದೇ ಮಾತನ್ನು ಚಿತ್ರದ ಕೆಳಗೆ ಅಕ್ಷರದಲ್ಲೂ ಹಾಕಿ, ಏಕೆಂದರೆ ಕಣ್ಣು ಕಾಣದವರ ಮೊಬೈಲ್ ಅಕ್ಷರವನ್ನು ಓದಿ ಹೇಳುತ್ತದೆ, ಚಿತ್ರದೊಳಗಿನದ್ದು ಅದಕ್ಕೆ ದಕ್ಕದೆ ಹೋಗಬಹುದು. ಎಐ ಬರೆದ ಬುದ್ಧರ ಕೈಬೆರಳು ಎಣಿಸಿಯೇ ಹಂಚಿ.

ಹೆಚ್ಚು ಜನರನ್ನು ಮುಟ್ಟುವ ಪ್ರಶ್ನೆಗೆ ನಮ್ಮ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ: ದಿನಕ್ಕೊಂದು ಬಿಡಿ, ವಾರಕ್ಕೆರಡು ಸಾಕು. ದಿನಕ್ಕೊಂದು ಎಂದಾಗಲೇ ಮೂಲ ನೋಡಲು ಪುರುಸೊತ್ತಿಲ್ಲದೆ ವಿಷದ ಕಾರ್ಡ್ ನುಸುಳುತ್ತದೆ. ಧಮ್ಮಪದದ 423 ಗಾಥೆ ವಾರಕ್ಕೆರಡರಂತೆ ನಾಲ್ಕು ವರ್ಷಕ್ಕೂ ಮಿಕ್ಕಿ ಬರುತ್ತವೆ, ಸರಕಿನ ಚಿಂತೆಯಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಹಿಡಿಸುತ್ತಾರೆ, ಅದೂ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ವಿಹಾರಕ್ಕೆ ಬಂದವರಿಗೆ ಮೊದಲು ನಂಬರ್ ಸೇವ್ ಮಾಡಿಸಿ.

ಹಳೆಯ ತಪ್ಪು ಕಾರ್ಡುಗಳನ್ನು ಅಳಿಸಿ ಕೂರಬೇಡಿ. ‘ಎಲ್ಲರಿಗೂ ಅಳಿಸು’ ನಡೆಯುವುದು ಸುಮಾರು ಎರಡೂವರೆ ದಿನ, ಅದೂ ಗುಂಪಿನ ಅಡ್ಮಿನ್ ಅಲ್ಲದಿದ್ದರೆ ನಿಮ್ಮದೇ ಸಂದೇಶಕ್ಕೆ. ಫಾರ್ವರ್ಡ್ ಆದ ಪ್ರತಿಗಳು ಅಲ್ಲಲ್ಲೇ ಉಳಿದಿರುತ್ತವೆ. ವಿಷದ ಕಾರ್ಡ್ ಹೋದ ಗುಂಪುಗಳಿಗೇ ‘ಹಿಂದಿನದು ಬುದ್ಧರ ಮಾತಲ್ಲ, ಇದು ಹೌದು’ ಎಂಬ ಒಂದು ಸಾಲಿನೊಂದಿಗೆ ಧಮ್ಮಪದ 222 ಕಳಿಸಿ. ಆ ಹಿರಿಯರಿಗೆ ಬೇರೆಯಾಗಿ ಒಂದು ಪ್ರತಿ.

– ಸಂಪಾದಕರು